ಮುಂದಿನ ಎಡ ಸೀಟಿನ ತೂಕ

ಸ್ಪ್ರಿಂಗು ಗಟ್ಟಿಯಾದಷ್ಟೂ ಕಾರು ಜೋರಾಗಿ ಓಡುತ್ತದೆ ಎಂದು ನಂಬಿಕೊಂಡು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪಾಂಡವಪುರದ ನನ್ನ ಶೆಡ್ಡಿಗೆ ಅಂಥವರು ಬರುತ್ತಲೇ ಇರುತ್ತಾರೆ. ಮೊಬೈಲಿನಲ್ಲಿ ಯಾವುದೋ ದೇಶದ ಕಾರಿನ ವಿಡಿಯೊ ತೋರಿಸಿ, ‘ಇಂಗೇ ಕೂತ್ಕೋಬೇಕು ಅಣ್ಣ, ನೆಲಕ್ಕೆ ಅಂಟ್ಕೊಂಡಂಗೆ’ ಎನ್ನುತ್ತಾರೆ. ಅವರ ರಸ್ತೆಯಲ್ಲಿ ಕೂತು ಊಟ ಮಾಡಬಹುದು, ನಮ್ಮ ರಸ್ತೆಯಲ್ಲಿ ಚಿನಕುರಳಿ ದಾಟುವುದರೊಳಗೆ ಹಲ್ಲು ಅಲ್ಲಾಡುತ್ತದೆ ಎಂದರೆ ನಗುತ್ತಾರೆ. ನಾನು ಬೈದು ಕಳಿಸುತ್ತೇನೆ. ಬೈಸಿಕೊಂಡವರಲ್ಲಿ ಅರ್ಧ ಜನ ವಾಪಸು ಬರುತ್ತಾರೆ, ನನಗೆ ಅಷ್ಟು ಸಾಕು.

ಬೂಕನಕೆರೆ ಕಡೆಯ ಅಣ್ಣ ತಮ್ಮ ಬಂದದ್ದು ಕಬ್ಬು ಕಡಿಯುವ ದಿನಗಳಲ್ಲಿ. ಹಳೆಯ ಪುಟ್ಟ ಕಾರು, ಎಂಜಿನ್ ಮಾತ್ರ ಚೆನ್ನಾಗಿತ್ತು. ಓಡಿಸುತ್ತಿದ್ದವನು ತಮ್ಮ. ಊರಿನ ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸ ಅವನದು. ಪಕ್ಕದ ಸೀಟಿನಲ್ಲಿ ಅಣ್ಣ, ಹೆಚ್ಚುಕಮ್ಮಿ ನನ್ನದೇ ವಯಸ್ಸು. ತಮ್ಮ ಇಳಿದು ಬಂದು ಕೈಕಟ್ಟಿ ನಿಂತರೆ ಅಣ್ಣ ಕಿಟಕಿಯಿಂದಲೇ ಅಪ್ಪಣೆ ಕೊಡುತ್ತಿದ್ದ, ಇಳಿಯುವ ಲಕ್ಷಣವೇ ಇಲ್ಲ.

‘ದೊರೆಗೋಳು ಇಳಿಯಾಕಿಲ್ವಾ, ಪಲ್ಲಕ್ಕಿ ತರುಸ್ಬೇಕಾ?’ ಎಂದೆ.

ತಮ್ಮ ಡಿಕ್ಕಿ ತೆಗೆದು ಗಾಲಿಕುರ್ಚಿ ಇಳಿಸಿದ. ನಕ್ಕವನು ಅಣ್ಣನೊಬ್ಬನೇ. ‘ತಕ್ಕಳಪ್ಪ, ಬಂತು ಪಲ್ಲಕ್ಕಿ’ ಎಂದ.

ಬೈಕಿನಲ್ಲಿ ಬರುವಾಗ ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರೈಲರಿಗೆ ಹಿಂದಿನಿಂದ ಗುದ್ದಿದವನು ಅವನು. ಬೆನ್ನುಮೂಳೆ ಮುರಿದು, ಎದೆಯಿಂದ ಕೆಳಗೆ ಏನೂ ಇಲ್ಲ. ಚಿವುಟಿದರೂ ಗೊತ್ತಾಗದು, ಸುಟ್ಟರೂ ಗೊತ್ತಾಗದು. ಕೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಅದಕ್ಕೆ ಮುಂಚೆ ಈ ಸೀಮೆಯ ಮಣ್ಣಿನ ರೇಸುಗಳಲ್ಲಿ ಇದೇ ಕಾರನ್ನು ಓಡಿಸಿ ಕಪ್ಪು ಗೆದ್ದವನು. ಈಗ ತಮ್ಮನನ್ನು ಓಡಿಸುತ್ತಿದ್ದ. ಬರುವ ಬೇಸಿಗೆಯಲ್ಲಿ ನಾಗಮಂಗಲದ ಕಡೆ ಒಣಗಿದ ಕೆರೆಯ ಅಂಗಳದಲ್ಲಿ ಹವ್ಯಾಸಿಗಳ ಆಟೋಕ್ರಾಸ್ ಇತ್ತು. ಒಬ್ಬೊಬ್ಬರಾಗಿ ಸುತ್ತು ಹೊಡೆಯಬೇಕು, ಯಾರ ಸಮಯ ಕಡಿಮೆಯೋ ಅವರು ಗೆದ್ದರು. ಅದೇ ಕಾರಿನಲ್ಲಿ ವಾರಕ್ಕೆ ಮೂರು ಸಲ ಅಣ್ಣನನ್ನು ಶ್ರೀರಂಗಪಟ್ಟಣಕ್ಕೆ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕು. ಕಾರು ಒಂದು, ಕೆಲಸ ಎರಡು. ನನ್ನ ಕಸುಬಿನಲ್ಲಿ ತಲೆನೋವು ಶುರುವಾಗುವುದೇ ಅಲ್ಲಿಂದ.

ಗೋಣಿಚೀಲದಲ್ಲಿ ನಾಲ್ಕು ಸ್ಪ್ರಿಂಗು ತಂದಿದ್ದರು. ಟಾರು ಟ್ರ್ಯಾಕಿನಲ್ಲಿ ಓಡಿಸುತ್ತಿದ್ದ ಯಾರೋ ಬಿಚ್ಚಿ ಮಾರಿದ್ದು. ‘ಇವನ್ನ ಆಕು, ಸಾಕು’ ಎಂದ ಅಣ್ಣ.

ಬಾಯಿಮಾತಿಗೆ ಸ್ಪ್ರಿಂಗು ಹಾಕುವವನಲ್ಲ ನಾನು. ಪರಿಚಯದವರ ಆಲೆಮನೆಗೆ ಕಾರು ಒಯ್ದೆವು. ಬೆಲ್ಲ ತೂಗುವ ನೆಲದ ತಕ್ಕಡಿ ಅಲ್ಲಿದೆ. ಒಂದು ಚಕ್ರವನ್ನು ತಕ್ಕಡಿಯ ಮೇಲೆ ಹತ್ತಿಸಿ, ಉಳಿದ ಮೂರರ ಕೆಳಗೆ ಅಷ್ಟೇ ಎತ್ತರದ ಹಲಗೆ ಇಟ್ಟು, ಒಂದೊಂದು ಮೂಲೆಗೂ ಎಷ್ಟು ಭಾರ ಬೀಳುತ್ತದೆಂದು ನೋಡುವುದು ನನ್ನ ಪದ್ಧತಿ. ಕಾರಿನಲ್ಲಿ ದಿನಾ ಕೂರುವವರು ಆಗಲೂ ಕೂತಿರಬೇಕು. ಅಣ್ಣ ತಮ್ಮ ಇಬ್ಬರನ್ನೂ ಕೂರಿಸಿ, ಇಳಿಸಿ, ಹಲಗೆ ಬದಲಿಸಿ, ಮತ್ತೆ ಕೂರಿಸುವುದರಲ್ಲಿ ಎಲ್ಲರೂ ಬೆವತರು. ಕೊಪ್ಪರಿಗೆಯ ಹತ್ತಿರ ನಿಂತಿದ್ದ ಆಳೊಬ್ಬನಿಗೆ ಕನಿಕರ ಬಂತು.

‘ಪಾಪ, ಅವರ್ನ ಯಾಕ್ ಎತ್ತಿ ಇಳ್ಸಿ ಮಾಡೀರಿ? ಅವರ ತೂಕದ್ದು ಒಂದ್ ಮೂಟೆ ಬೆಲ್ಲ ಮಡುಗುದ್ರೆ ಆಗಾಕಿಲ್ವಾ?’

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆದರೆ ಆ ಹೊತ್ತಿನಿಂದ ಅವನಿಗೆ ಮೂಟೆ ಎಂಬ ಹೆಸರು ಅಂಟಿತು. ಬೆಲ್ಲದ ಊರಿನಲ್ಲಿ ಏನೇ ಆಗಲಿ ಬೇಗ ಅಂಟುತ್ತದೆ.

ಆಮೇಲೆ ಸ್ಪ್ರಿಂಗುಗಳನ್ನು ಅದೇ ತಕ್ಕಡಿಯ ಮೇಲೆ ನಿಲ್ಲಿಸಿ, ಮೇಲಿನ ತೊಲೆಗೆ ಜಾಕ್ ಕೊಟ್ಟು ಅದುಮಿದೆ. ಕಾರಿನ ಹಳೆಯ ಸ್ಪ್ರಿಂಗು ಒಂದು ಸೆಂಟಿಮೀಟರ್ ಕುಗ್ಗಲು ಇಪ್ಪತ್ತು ಕೆ.ಜಿ. ಕೇಳಿತು. ಚೀಲದಲ್ಲಿ ಬಂದದ್ದು ಅರವತ್ತರ ಹತ್ತಿರ ಕೇಳಿತು. ಮೂರು ಪಟ್ಟು ಗಟ್ಟಿ. ನುಣುಪಾದ ಟಾರಿನಲ್ಲಿ ಅದು ಸರಿ, ಚಕ್ರಕ್ಕೆ ಕುಣಿಯುವ ಕೆಲಸ ಇರುವುದಿಲ್ಲ. ಮಣ್ಣಿನಲ್ಲಿ ಚಕ್ರ ಹಳ್ಳಕ್ಕೆ ಇಳಿದು ದಿಣ್ಣೆಗೆ ಹತ್ತಿ ನೆಲ ಬಿಡದೆ ಹೋಗಬೇಕು. ಗಟ್ಟಿ ಸ್ಪ್ರಿಂಗು ಅದಕ್ಕೆ ಬಿಡುವುದಿಲ್ಲ, ಕಾರನ್ನೇ ಎತ್ತಿ ಒಗೆಯುತ್ತದೆ. ಇದನ್ನೆಲ್ಲ ಹೇಳಿದೆ. ಅಣ್ಣ ಕೇಳಿಸಿಕೊಂಡ. ‘ಮೊದ್ಲು ಹಳೇದ್ರಲ್ಲೇ ಒಂದ್ ರೌಂಡ್ ಓಗವಾ, ಆಮೇಲೆ ಮಾತಾಡು’ ಎಂದ.

ನಾನು ಹಿಂದಿನ ಸೀಟಿನಲ್ಲಿ ಕೂತೆ. ಮೊದಲ ತಿರುವಿನಲ್ಲೇ ಅಣ್ಣ ತಮ್ಮನ ಮೇಲೆ ಬಿದ್ದ. ಸೊಂಟದ ಬೆಲ್ಟು ಅವನನ್ನು ಸೀಟಿಗೆ ಹಿಡಿದಿತ್ತು, ಮೇಲಿನ ಮೈಯನ್ನು ಹಿಡಿಯುವ ಸ್ನಾಯು ಅವನಲ್ಲಿ ಇರಲಿಲ್ಲ. ಕಾರು ಎಡಕ್ಕೆ ವಾಲಿದರೆ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ತಮ್ಮ ರಸ್ತೆಯಿಂದ ಕಣ್ಣು ತೆಗೆಯದೆ ಮೊಣಕೈಯಿಂದ ಅವನನ್ನು ವಾಪಸು ತಳ್ಳುತ್ತಿದ್ದ, ಗೇರು ಬದಲಿಸಿದಷ್ಟೇ ಸಲೀಸಾಗಿ. ಟೀ ಅಂಗಡಿಯ ಮುಂದೆ ತಿರುಗಿಸಿ ನಿಲ್ಲಿಸುವಾಗ ಅಣ್ಣ ಬಾಗಿಲ ಕಡೆಗೆ ಹೊರಳಿ ಅವನ ಕೆನ್ನೆ ಕಿಟಕಿಯ ಗಾಜಿಗೆ ಒತ್ತಿಕೊಂಡಿತು. ಸುದ್ದಿ ಆಲೆಮನೆಯಿಂದ ಅಷ್ಟರಲ್ಲೇ ಅಲ್ಲಿಗೆ ಬಂದಿತ್ತು.

‘ಮೂಟೆ ವಾಲ್ತು, ಎತ್ರುಲಾ’ ಎಂದ ಒಬ್ಬ.

ಆ ಅಂಗಡಿಯಲ್ಲಿ ಹಿಂದೆ ಅವನಿಗೆ ಟೀ ಕೊಡಿಸಲು ಜಗಳವಾಡುತ್ತಿದ್ದರಂತೆ. ಈಗ ಗಾಜಿಗೆ ಒತ್ತಿಕೊಂಡ ಅವನ ಮುಖ ನೋಡಿ ಗ್ಲಾಸು ಕೆಳಗಿಟ್ಟು ನಕ್ಕರು. ನನಗೆ ಸಿಟ್ಟು ಬಂತು. ಶೆಡ್ಡಿಗೆ ಬಂದವನೇ ಒಂದು ಅಗಲವಾದ ಪಟ್ಟಿ ಎತ್ತಿಕೊಂಡು, ‘ಎದೆಗೆ ಅಡ್ಡ ಇದನ್ನ ಬಿಗುದ್ರೆ ಆಯ್ತದೆ, ಸ್ಪ್ರಿಂಗ್ ಮುಟ್ಟದೇ ಬ್ಯಾಡ’ ಎಂದೆ.

‘ಮೂಟೆ ಕಟ್ಟುದಂಗೆ ಕಟ್ತೀಯಾ ನನ್ನ?’ ಎಂದ ಅಣ್ಣ. ಪಟ್ಟಿಯನ್ನು ನನ್ನ ಕೈಯಿಂದ ಕಿತ್ತು ಗ್ರೀಸಿನ ತಟ್ಟೆಗೆ ಎಸೆದ.

ಗಟ್ಟಿ ಸ್ಪ್ರಿಂಗು ಹಾಕಿದೆ. ಮತ್ತೆ ಅದೇ ರಸ್ತೆ. ರಸ್ತೆಗೆ ಅಡ್ಡ ಹಾಕಿದ ಪ್ರತಿ ಹಂಪಿಗೂ ನನ್ನ ಸೊಂಟ ಕಿತ್ತು ಬರುವಂತಾಗುತ್ತಿತ್ತು, ಆದರೆ ತಿರುವಿನಲ್ಲಿ ಕಾರು ಒಂದಿಷ್ಟೂ ವಾಲಲಿಲ್ಲ. ಅಣ್ಣ ನೆಟ್ಟಗೆ ಕೂತಿದ್ದ. ಗಾಜು ಇಳಿಸಿ ಮೊಣಕೈ ಹೊರಗಿಟ್ಟ. ಟೀ ಅಂಗಡಿ ಬಂದಾಗ ನಿಧಾನ ಮಾಡಿಸಿ, ಅಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿಕೊಂಡು ಹೋದ. ಯಾರೂ ನಗಲಿಲ್ಲ.

‘ಕುಲುಕಾಟ ಎಂಗೈತೆ?’ ಎಂದೆ.

‘ನಂಗೇನ್ಲಾ ಗೊತ್ತಾಯ್ತದೆ? ಕುಲ್ಕುದ್ರೆ ನಿಮ್ಗೆ ಕುಲುಕ್ತದೆ.’

ಷರತ್ತು ಹಾಕಿದೆ. ಕೆರೆಯಲ್ಲಿ ಅಭ್ಯಾಸ ಮುಗಿದ ಮೇಲೆ ಕಾರು ತರಬೇಕು, ದಿನದ ಓಡಾಟಕ್ಕೆ ಹಳೆಯದನ್ನೇ ಹಾಕಿಕೊಡುತ್ತೇನೆ. ಬಿಚ್ಚಿ ಹಾಕಲು ಅರ್ಧ ದಿನ ಹಿಡಿಯುತ್ತದೆ, ಪರವಾಗಿಲ್ಲ. ಇಬ್ಬರೂ ಒಪ್ಪಿ ತಲೆಯಾಡಿಸಿದರು.

ಅಭ್ಯಾಸದ ದಿನ ಕೆರೆಯ ಅಂಗಳ ನೋಡಿದಾಗಲೇ ಈ ಸ್ಪ್ರಿಂಗು ಇಲ್ಲಿ ನಡೆಯದೆಂದು ನನಗೆ ಗೊತ್ತಾಯಿತು. ನೀರು ಇಂಗುವ ಹೊತ್ತಿನಲ್ಲಿ ದನ ಓಡಾಡಿ ಕೆಸರಿನಲ್ಲಿ ಗೊರಸು ಊರಿದ್ದವು. ಈಗ ಆ ಗೊರಸಿನ ಗುಂಡಿಗಳು ಒಣಗಿ ಕಲ್ಲಾಗಿದ್ದವು. ಅಂಗಳದ ಉದ್ದಕ್ಕೂ ಅವೇ. ತಮ್ಮ ಹೊರಟ. ಮುಂದಿನ ಚಕ್ರಗಳು ನೆಲದಲ್ಲಿದ್ದದ್ದಕ್ಕಿಂತ ಗಾಳಿಯಲ್ಲಿದ್ದದ್ದೇ ಹೆಚ್ಚು. ಸ್ಟೇರಿಂಗ್ ತಿರುಗಿಸಿದರೆ ಕಾರು ತಿರುಗದು, ಬ್ರೇಕು ಒತ್ತಿದರೆ ನಿಲ್ಲದು. ಏನನ್ನೂ ಬದಲಿಸದ ಮಾಮೂಲಿ ಕಾರಿನಲ್ಲಿ ಬಂದಿದ್ದ ಒಬ್ಬ ಶಾಲಾ ಮಾಸ್ತರರು ಅವನಿಗಿಂತ ಬೇಗ ಸುತ್ತು ಮುಗಿಸಿ, ಹಣೆ ಒರೆಸಿಕೊಂಡು, ಮಜ್ಜಿಗೆ ಕುಡಿಯುತ್ತ ನಿಂತರು.

ಮೆತ್ತಗಿನ ಸ್ಪ್ರಿಂಗು ಹಾಕಿ ಇನ್ನೊಂದು ಸಲ ನೋಡೋಣ ಎಂದೆ. ಏರಿಯ ಮೇಲೆ ಗಾಲಿಕುರ್ಚಿಯಲ್ಲಿದ್ದ ಅಣ್ಣ ಎಲ್ಲರಿಗೂ ಕೇಳುವಂತೆ ತಮ್ಮನನ್ನು ಕರೆದ.

‘ಸ್ಪ್ರಿಂಗ್ ಅಲ್ಲ ಕಣ್ಲಾ ಮೆತ್ಗಿರಬಾರ್ದು, ನೀನು. ಎಮ್ಮೆ ಮೈ ತೊಳ್ಯಕ್ ಬಂದಿದ್ಯಾ ಕೆರೇಗೆ? ನಂಗೆ ಕಾಲಿದ್ದಿದ್ರೆ ನಿನ್ನ ಆ ಕಾರಿನ್ ಗಾಜು ಒರುಸಕ್ಕೂ ಬುಡ್ತಿರ್ಲಿಲ್ಲ.’

ತಮ್ಮ ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ. ಇಪ್ಪತ್ತು ಮೂವತ್ತು ಜನ ನೋಡುತ್ತಿದ್ದರು. ಅವನು ಬಗ್ಗಿ ಅಣ್ಣನ ಕಾಲನ್ನು ಕುರ್ಚಿಯ ಪಾದದ ಹಲಗೆಯ ಮೇಲೆ ಸರಿಯಾಗಿ ಇಟ್ಟು, ಮತ್ತೆ ಕಾರಿಗೆ ಹೋದ. ನನಗೆ ಅಣ್ಣನ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು. ಮಣ್ಣಿನಲ್ಲಿ ಅಷ್ಟು ವರ್ಷ ಓಡಿಸಿದವನಿಗೆ ಇದು ಗೊತ್ತಿಲ್ಲವೇ? ವಾಪಸು ಬರುವಾಗ ದಾರಿಯ ಉದ್ದಕ್ಕೂ ಅವನು ಮೊಣಕೈ ಹೊರಗಿಟ್ಟು ನೆಟ್ಟಗೆ ಕೂತಿದ್ದನ್ನು ಹಿಂದಿನಿಂದ ನೋಡಿದೆ. ಅವನು ಸ್ಪ್ರಿಂಗು ಕೇಳುತ್ತಿದ್ದದ್ದು ಕೆರೆಗಲ್ಲ, ಈ ರಸ್ತೆಗೆ ಎಂದು ಆಗ ಹೊಳೆಯಿತು. ತಮ್ಮನಿಗೆ ಹೇಳೋಣವೆಂದುಕೊಂಡೆ. ಹೇಳಿದರೆ ಅಣ್ಣನ ಮರ್ಯಾದೆ ಹೋಗುತ್ತದೆಂದು ಸುಮ್ಮನಾದೆ.

ಅವರು ಸ್ಪ್ರಿಂಗು ಬದಲಿಸಲು ಬರಲಿಲ್ಲ. ಫೋನ್ ಮಾಡಿದರೆ ತಮ್ಮ ಮುಂದಿನ ವಾರ ಎನ್ನುತ್ತಿದ್ದ. ಒಂದು ಸಲ ಅಣ್ಣ ಫೋನು ಕಿತ್ತುಕೊಂಡು, ‘ಇರ್ಲಿ ಬುಡ್ಲಾ, ಒಗ್ಗೋಗೈತೆ’ ಎಂದ. ಅದೇ ಕಾರಿನಲ್ಲಿ ಬೂಕನಕೆರೆಯಿಂದ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಬೂಕನಕೆರೆಗೆ, ವಾರಕ್ಕೆ ಮೂರು ಸಲ.

ಮುಂದೆ ಎಡಗಡೆ ಟಕ್ ಟಕ್ ಸದ್ದು ಬರುತ್ತದೆಂದು ಒಂದು ದಿನ ಬಂದರು. ಜೊತೆಯಲ್ಲಿ ಅವರ ಅವ್ವ ಇದ್ದರು. ಅಣ್ಣನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದ ಮೇಲೆ, ಸದ್ದು ಕೇಳಲು ನಾನು ಅವನ ಸೀಟಿನಲ್ಲಿ ಕೂತು ತಮ್ಮನ ಜೊತೆ ಒಂದು ಸುತ್ತು ಹೋದೆ. ಕೂತಾಗಲೇ ಸೀಟು ಒದ್ದೆ ಅನ್ನಿಸಿತು. ಮೂತ್ರದ ಚೀಲ ಸೋರಿರಬೇಕು ಎಂದುಕೊಂಡೆ. ಆದರೆ ವಾಸನೆ ಬೇರೆ ಇತ್ತು. ಶಾಕ್ ಅಬ್ಸಾರ್ಬರಿನ ಮೇಲಿನ ರಬ್ಬರು ಒಡೆದಿದೆ ಎಂದು ಹೇಳುತ್ತ ಇಳಿದೆ. ಅವ್ವ ನನ್ನ ಪ್ಯಾಂಟಿನ ಹಿಂಭಾಗ ನೋಡುತ್ತಿದ್ದರು. ಕೈಯಿಟ್ಟು ನೋಡಿಕೊಂಡೆ, ಕೀವು ರಕ್ತ ಎರಡೂ ಇತ್ತು.

‘ಬಾಗ್ಲು ಎಳಿಯಪ್ಪ’ ಎಂದರು ಅವ್ವ.

ಶಟರ್ ಇಳಿಸಿದೆ. ನೆಲದ ಮೇಲೆ ಟಾರ್ಪಾಲು ಹಾಸಿ ಅಣ್ಣನನ್ನು ಬೋರಲು ಮಲಗಿಸಿದೆವು. ಬೇಡ ಬೇಡ ಎಂದು ಅವನು ಎರಡು ಕೈಯಲ್ಲೂ ನೆಲ ಹಿಡಿದುಕೊಂಡ. ಅವ್ವ ಪ್ಯಾಂಟು ಇಳಿಸಿದರು. ಕೂರುವಾಗ ಭಾರ ಬೀಳುವ ಮೂಳೆಯ ಜಾಗದಲ್ಲಿ ಚರ್ಮ ಇರಲಿಲ್ಲ. ನನ್ನ ಹೆಬ್ಬೆರಳು ಮುಳುಗುವಷ್ಟು ತೂತು, ಸುತ್ತ ಕಪ್ಪು, ಒಳಗೆ ಬಿಳಿ. ಆ ಬಿಳಿ ಏನೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ನಮಗೆ ಸೊಂಟ ನೋಯುತ್ತದೆ, ಸೀಟಿನಲ್ಲಿ ಸರಿದು ಕೂರುತ್ತೇವೆ. ಅವನಿಗೆ ನೋಯದು, ಸರಿಯಲೂ ಆಗದು. ಪ್ರತಿ ಹಂಪು, ಪ್ರತಿ ಗುಂಡಿ ಅದೇ ಮೂಳೆಯಿಂದ ಅದೇ ಚರ್ಮವನ್ನು ಒಳಗಿನಿಂದ ಅರೆದಿತ್ತು.

‘ನೋವಿಲ್ಲ ಕಣವ್ವ’ ಎಂದ ಅವನು, ಮುಖ ಟಾರ್ಪಾಲಿನಲ್ಲಿ ಹುದುಗಿಸಿ.

‘ನಿಂಗಿಲ್ಲ’ ಎಂದರು ಅವ್ವ.

ಕೂರುವ ಜಾಗದಲ್ಲಿ ಹುಣ್ಣಾಗಿದೆಯೇ ಎಂದು ದಿನಾ ನೋಡಿಕೊಳ್ಳಲು ಶ್ರೀರಂಗಪಟ್ಟಣದಲ್ಲಿ ಅವನಿಗೆ ಉದ್ದ ಹಿಡಿಯ ಕನ್ನಡಿ ಕೊಟ್ಟಿದ್ದರಂತೆ. ಬೆಳೆದ ಗಂಡಸು, ಅವ್ವನಿಗೆ ತೋರಿಸಲು ನಾಚಿಕೆ, ನಾನೇ ನೋಡಿಕೊಳ್ಳುತ್ತೇನೆ ಎಂದಿದ್ದನಂತೆ.

‘ನೋಡ್ಕಳ್ಲಿಲ್ವಾ?’ ಅವ್ವ ಕೇಳಿದರು.

‘ನೋಡ್ದೆ.’

‘ನೋಡಿ?’

‘ಏಳಿದ್ರೆ ಕಾರ್ ಮೆತ್ಗೆ ಮಾಡ್ಬುಡ್ತಿದ್ರಿ.’

ಅವ್ವ ಅವನ ಬೆನ್ನ ಮೇಲೆ ಒಂದೇಟು ಹಾಕಿದರು. ಅವನಿಗೆ ಗೊತ್ತಾಗುವಷ್ಟು ಮೇಲೆ, ಭುಜದ ಹತ್ತಿರ. ಆಮೇಲೆ ಪ್ಯಾಂಟು ಏರಿಸಿ, ನನ್ನ ಕಡೆ ತಿರುಗಿ, ಸೀಟಿನ ಕವರು ಬಿಚ್ಚಿಕೊಡು, ಒಗೆದುಕೊಂಡು ಬರುತ್ತೇನೆ ಎಂದರು. ಕೊಡಲಿಲ್ಲ ನಾನು. ಹಾಗೇ ಮೈಸೂರಿನ ಆಸ್ಪತ್ರೆಗೆ ಹೊರಟೆವು, ನನ್ನ ಪರಿಚಯದವರ ವ್ಯಾನಿನಲ್ಲಿ, ಅವನನ್ನು ಬೋರಲು ಹಾಕಿಕೊಂಡು. ಸೋಂಕು ಮೂಳೆಗೆ ಇಳಿದಿದೆ, ಸತ್ತ ಮಾಂಸ ಕತ್ತರಿಸಿ ತೆಗೆಯಬೇಕು, ತಿಂಗಳುಗಟ್ಟಲೆ ಕೂರುವಂತಿಲ್ಲ ಎಂದರು ಡಾಕ್ಟರು.

ಕಾರು ನನ್ನ ಶೆಡ್ಡಿನಲ್ಲೇ ಉಳಿದಿತ್ತು. ಅಣ್ಣನ ಆಪರೇಷನ್ ಆದ ಮೇಲೆ ತಮ್ಮ ಬಂದು ಟೈರಿನ ಮೇಲೆ ಕೂತ.

‘ಬಂದ್ಮೇಲೆ ಮತ್ತೆ ಗಟ್ಟಿದೇ ಆಕು ಅಂತಾನೆ ಅಣ್ಣಯ್ಯ. ನಂಗೆ ಇಲ್ಲ ಅನ್ನಕ್ಕಾಗಲ್ಲ’ ಎಂದ. ‘ನಾನು ಚಿಕ್ಕಂದ್ರಿಂದ ಅವನಿಗೆ ಇಲ್ಲ ಅಂದೋನೇ ಅಲ್ಲ.’

ಸ್ಪ್ರಿಂಗು ನಾಲ್ಕನ್ನೂ ಬಿಚ್ಚಿದೆ. ಗ್ಯಾಸ್ ಕಟರ್ ಹೊತ್ತಿಸಿ ಮೊದಲನೆಯದನ್ನು ನೆಲದ ಮೇಲಿಟ್ಟೆ. ತಮ್ಮ ಎದ್ದು ಬಂದ. ತಡೆಯುತ್ತಾನೆ ಎಂದುಕೊಂಡೆ. ಇಕ್ಕಳ ತೆಗೆದುಕೊಂಡು ಸ್ಪ್ರಿಂಗಿನ ತುದಿಯನ್ನು ಹಿಡಿದು ನಿಂತ. ಸುತ್ತು ಸುತ್ತಾಗಿ ಕತ್ತರಿಸಿದೆ, ಮತ್ತೆ ಯಾರೂ ಯಾವ ಕಾರಿಗೂ ಹಾಕಲು ಆಗದಂತೆ. ತುಂಡುಗಳು ಗುಜರಿಗೆ ಹೋದವು. ಆ ಕೆಲಸ ನನಗೆ ಖುಷಿ ಕೊಟ್ಟಿತು ಎಂದರೆ ಸುಳ್ಳಲ್ಲ.

ಆಮೇಲೆ ಮೊದಲೇ ಮಾಡಬೇಕಾಗಿದ್ದ ಕೆಲಸಕ್ಕೆ ಕೈಹಾಕಿದೆ. ಕಾರಿನ ಭಾರ ಹೊರುವುದು ಸ್ಪ್ರಿಂಗು, ಅದರ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ತಿರುವಿನಲ್ಲಿ ಕಾರು ವಾಲದಂತೆ ತಡೆಯಲು ಬೇರೆಯೇ ಒಂದು ಕಂಬಿ ಇದೆ, ಸ್ಟೆಬಿಲೈಸರ್ ಬಾರ್ ಅಂತ. ಎಡ ಬಲ ಚಕ್ರಗಳನ್ನು ಜೋಡಿಸುತ್ತದೆ. ಎರಡೂ ಒಟ್ಟಿಗೆ ಏರಿದರೆ ಸುಮ್ಮನಿರುತ್ತದೆ, ಒಂದು ಏರಿ ಒಂದು ಇಳಿದರೆ ಮಾತ್ರ ಜಗ್ಗುತ್ತದೆ. ಹಾಗಾಗಿ ಮೆತ್ತಗಿನ ಸ್ಪ್ರಿಂಗಿಗೆ ದಪ್ಪ ಬಾರ್ ಕೊಟ್ಟರೆ ಅಡ್ಡ ಹಂಪು ಮೈಗೆ ತಾಗದು, ತಿರುವಿನಲ್ಲಿ ವಾಲುವುದೂ ಕಡಿಮೆ. ಭಾರದ ಕಾರಿನದೊಂದು ಬಾರ್ ತಂದು ಹಾಕಿದೆ. ಅದು ವಿಪರೀತವಾಯಿತು, ಒಂದೇ ಚಕ್ರ ಗುಂಡಿಗಿಳಿದರೂ ಕಾರೆಲ್ಲ ಅದುರುತ್ತಿತ್ತು. ಅದನ್ನು ಬಿಚ್ಚಿ ಸ್ವಲ್ಪ ಸಣ್ಣದು ಹಾಕಿದೆ. ಸೆಂಟಿಮೀಟರಿಗೆ ಇಪ್ಪತ್ತೈದು ಕೆ.ಜಿ.ಯ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್. ಪರೀಕ್ಷೆಗೆ ಅಣ್ಣನ ಸೀಟಿನಲ್ಲಿ ಕೂರಿಸಲು ಯಾರೂ ಇರಲಿಲ್ಲ. ಆಲೆಮನೆಯಿಂದ ಅವನ ತೂಕದ ಮೂಟೆ ತಂದು ಸೊಂಟದ ಬೆಲ್ಟು ಹಾಕಿದೆ. ಚಿನಕುರಳಿಯವರೆಗೆ ಹೋಗಿ ಬಂದರೂ ಮೂಟೆ ಬೀಳಲಿಲ್ಲ. ನನಗೂ ತಮ್ಮನಿಗೂ ಒಬ್ಬರ ಮುಖ ಒಬ್ಬರು ನೋಡಲು ಆಗಲಿಲ್ಲ.

ಕೆರೆಯಂಗಳದ ಸ್ಪರ್ಧೆಯ ದಿನ ತಮ್ಮ ಎರಡನೆಯವನಾಗಿ ಬಂದ. ಅಭ್ಯಾಸದ ಸಮಯಕ್ಕಿಂತ ಎಷ್ಟೋ ಬೇಗ. ಮಾಸ್ತರರು ಅವನ ಕೈ ಕುಲುಕಿ, ‘ಈಗ ಕಾರು ಓಡಿಸ್ತಾ ಇದ್ದೀಯಪ್ಪ’ ಎಂದರು. ಎರಡನೆಯ ಬಹುಮಾನದ ಕಪ್ಪು ತೆಗೆದುಕೊಂಡು ನಾನೂ ತಮ್ಮನೂ ನೇರ ಆಸ್ಪತ್ರೆಗೆ ಹೋದೆವು.

ಅಣ್ಣ ಬೋರಲು ಮಲಗಿದ್ದ. ಅವನ ಮುಖ ನೋಡಬೇಕಾದರೆ ನೆಲದ ಮೇಲೆ ಕೂರಬೇಕಾಗಿತ್ತು. ಕೂತೆವು. ತಮ್ಮ ಸಮಯ ಹೇಳಿದ.

‘ಮೆತ್ಗಿರೋದ್ರಲ್ಲಾ?’

‘ಊಂ.’

‘ಗೊತ್ತಿತ್ತು ಬುಡು. ಮಣ್ಣಲ್ಲಿ ಮೆತ್ಗೇನೇ ಓಡೋದು. ನಾನೂ ಅಂಗೇ ಓಡುಸ್ತಿದ್ದೆ.’

ತಮ್ಮ ಕಪ್ಪನ್ನು ನೆಲಕ್ಕಿಟ್ಟ. ‘ಅಂಗಾರೆ ಅವತ್ತು ಅಷ್ಟ್ ಜನುದ್ ಮುಂದೆ ನನ್ನ ಯಾಕಂಗಂದೆ ಅಣ್ಣಯ್ಯ?’

ಅಣ್ಣ ಮುಖವನ್ನು ಹಾಸಿಗೆಗೆ ಒತ್ತಿಕೊಂಡ. ತಮ್ಮ ಕಪ್ಪನ್ನು ಮಂಚದ ಕೆಳಗೆ ತಳ್ಳಿ ಹೊರಗೆ ಹೋದ. ನಾನೂ ಏಳುವುದರಲ್ಲಿದ್ದೆ.

‘ಆ ಸ್ಪ್ರಿಂಗ್ ಎಲ್ಲವೆ?’ ಎಂದ ಅಣ್ಣ.

‘ಗ್ಯಾಸಲ್ಲಿ ಕುಯ್ದು ಗುಜ್ರಿಗಾಕ್ದೆ.’

ಅವನು ಕಣ್ಣು ಮುಚ್ಚಿಕೊಂಡ. ‘ಕುಯ್ಯಾಕ್ ಮುಂಚೆ ನನ್ನೊಂದ್ ಮಾತು ಕೇಳ್ಬೇಕಾಗಿತ್ತು.’

‘ಕೇಳಿದ್ರೆ ಏನಂತಿದ್ದೆ?’

‘ಬ್ಯಾಡ ಅಂತಿದ್ದೆ.’

‘ಅದ್ಕೇ ಕೇಳ್ಲಿಲ್ಲ’ ಎಂದೆ. ಸರಿಯಾಗಿಯೇ ಉತ್ತರ ಕೊಟ್ಟೆ ಎಂಬ ಧೈರ್ಯ ನನಗಿತ್ತು.

‘ಅದೇ ಕಣ್ಲಾ ನಾನೇಳೋದು. ಬಿದ್ಮೇಲಿಂದ ನನ್ನ ಯಾರೂ ಏನೂ ಕೇಳಿಲ್ಲ. ಎತ್ತೀರಿ, ಮಡುಗೀರಿ. ಉಣ್ಸೀರಿ, ತೊಳುದೀರಿ. ಆ ಕಾರಲ್ಲಿ ಎಂಗ್ ಕೂತ್ಕೋಬೇಕು ಅನ್ನೋದೊಂದು ನಾನೇ ಏಳಿದ್ದು.’

ಅಷ್ಟರಲ್ಲಿ ವಾರ್ಡಿನ ಇಬ್ಬರು ಬಂದರು, ಮಗ್ಗುಲು ಬದಲಿಸುವ ಹೊತ್ತಾಗಿತ್ತು. ನನ್ನನ್ನು ಸರಿಯಲು ಹೇಳಿ, ಹಾಸಿದ್ದ ಬಟ್ಟೆಯನ್ನು ಎರಡೂ ಕಡೆಯಿಂದ ಹಿಡಿದು, ಒಂದು ಎರಡು ಮೂರು ಎಂದು ಎಣಿಸಿ ಅವನನ್ನು ಹೊರಳಿಸಿದರು. ಮುಖ ಗೋಡೆಯ ಕಡೆಗಾಯಿತು. ಕಿಟಕಿ ಈ ಕಡೆ ಇತ್ತು. ಯಾವ ಕಡೆ ತಿರುಗಿಸಲಿ ಎಂದು ಅವರು ಅವನನ್ನು ಕೇಳಲಿಲ್ಲ, ನಾನೂ ಅವರಿಗೆ ಹೇಳಲಿಲ್ಲ.